ಹಳೇ ಡೆನಾನ್ ಡಿಎಲ್-103: ದುಡ್ಡು ಕೊಡುವ ಮುಂಚೆ

ಹುಬ್ಬಳ್ಳಿಯವರೊಬ್ಬರು ಮಾರುತ್ತಿರುವ ಹಳೇ ಡಿಎಲ್-103 ಕಾರ್ಟ್ರಿಜ್ (ರೆಕಾರ್ಡ್ ಪ್ಲೇಯರಿನ ತೋಳಿನ ತುದಿಗೆ ಕೂರುವ, ಸೂಜಿ ಇರುವ ಭಾಗ) ಅಸಲಿಯಾ, ಫೋಟೊ ನೋಡಿ ಹೇಳಿ ಎಂದು ಕೇಳಿದ್ದೀರಿ. ಫೋಟೊ ನೋಡಿ ಹೇಳುವುದು ಕಷ್ಟ ಮಾರಾಯ್ರೇ. ಶಿರಸಿಯಿಂದ ಬಸ್ ಹತ್ತಿದರೆ ಎಷ್ಟು ಹೊತ್ತಿನ ದಾರಿ, ಹೋಗಿ ಕೈಯಲ್ಲಿ ಹಿಡಿದೇ ನೋಡಿ.

ಮೊದಲು ತೂಕ. ಸ್ಕ್ರೂ ಬಿಟ್ಟು 8.5 ಗ್ರಾಂ ಇರಬೇಕು. ಯಾವುದಾದರೂ ಚಿನ್ನದ ಅಂಗಡಿಯಲ್ಲಿ ತೂಗಿಸಿ, ಅವರ ಭೂತಗನ್ನಡಿಯನ್ನೂ ಕೇಳಿ ಪಡೆಯಿರಿ. ಸೂಜಿ ಹಿಡಿದಿರುವ ಕಡ್ಡಿ ಅಲ್ಯೂಮಿನಿಯಂ ಇರಬೇಕು, ತುದಿಯ ವಜ್ರ ದುಂಡಗೆ. ಕೆಂಪು ಮಾಣಿಕ್ಯದ ಕಡ್ಡಿ ಕಂಡರೆ ಅದು ನಕಲಿ ಎಂದಲ್ಲ, ಯಾರೋ ರಿಟಿಪ್ ಮಾಡಿಸಿದ್ದಾರೆ, ಅಂದರೆ ಹೊಸ ಕಡ್ಡಿ, ಸೂಜಿ ಕೂರಿಸಿದ್ದಾರೆ. ಕೆಲಸ ಚೆನ್ನಾಗಿದ್ದರೆ ಕೇಳಲಿಕ್ಕೆ ಸೊಗಸಾಗಿಯೇ ಇರುತ್ತದೆ. ಆದರೆ ಅದನ್ನು 'ಒರಿಜಿನಲ್' ಅಂತ ಮಾರುವ ಹಾಗಿಲ್ಲ, ಅಲ್ವಾ?

ಆಮೇಲೆ ಪ್ಲೇಯರಿನ ತೋಳಿಗೆ ಹಾಕಿ, ಸೂಜಿಯ ಮೇಲೆ 2.5 ಗ್ರಾಂ ಭಾರ ಬೀಳುವಂತೆ ಹೊಂದಿಸಿ ರೆಕಾರ್ಡ್ ಮೇಲೆ ಇಳಿಸಿ, ಬದಿಯಿಂದ ನೋಡಿ. ಕಾರ್ಟ್ರಿಜ್‌ನ ಹೊಟ್ಟೆ ರೆಕಾರ್ಡಿಗೆ ತಾಗುವಷ್ಟು ಕುಸಿದರೆ ಒಳಗಿನ ರಬ್ಬರ್ ಸತ್ತಿದೆ. ಸುಮ್ನೆ ಮಲ್ಟಿಮೀಟರ್ ಹಚ್ಚಬೇಡಿ, ಒಳಗಿನ ಸುರುಳಿಯ ತಂತಿ ಬಹಳ ತೆಳು.

ಹಿಂದಿನ ನಾಲ್ಕು ಪಿನ್ನುಗಳನ್ನೂ ನೋಡಿ. ಕಾರವಾರದಲ್ಲಿ ನಾನು ಒಮ್ಮೆ ಹಸಿರುಗಟ್ಟಿದ ಪಿನ್ನಿನದನ್ನು ತಗೊಂಡೆ. ನಮ್ಮ ಉಪ್ಪುಗಾಳಿ ಬೇರೆ. ಎಡ ಚಾನೆಲ್ ವಾರದಲ್ಲೇ ಮೂಕವಾಯಿತು.