ಎಲ್‌ಪಿಯ ಕೊನೇ ಟ್ರ್ಯಾಕಿನಲ್ಲಿ ವಯಲಿನ್ ದನಿ ಒಡೆಯುವುದಕ್ಕೆ

ಬಹುಶಃ ಕಾರ್ಟ್ರಿಜ್ (ಪ್ಲೇಯರ್‌ನ ಮುಳ್ಳು ಹಿಡಿದಿರುವ ಪುಟ್ಟ ಭಾಗ) ಓರೆ ಕೂತಿದೆ, ಇಲ್ಲವೇ ಮುಳ್ಳಿನ ತುದಿ ಸವೆದಿದೆ. ರೆಕಾರ್ಡಿನ ಪ್ರತಿ ಬದಿಯ ಕೊನೆಯಲ್ಲಿ ಮಾತ್ರ ವಯಲಿನ್‌ಗಳು ಚರಚರ ಅನ್ನುತ್ತವೆ ಎಂದಿದ್ದೀರಿ. ರೆಕಾರ್ಡಿಂಗೇ ಕಳಪೆ ಎಂಬ ನಿಮ್ಮ ಗೆಳೆಯರ ವಾದ ಒಪ್ಪಬೇಡಿ. 12 ಇಂಚಿನ ಎಲ್‌ಪಿಯ ಹೊರಸುತ್ತಿನಲ್ಲಿ ಮುಳ್ಳಿನಡಿ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಸಂಗೀತ ಕೊರೆದ ಗೀರು ಸಾಗಿದರೆ, ಒಳಸುತ್ತಿನಲ್ಲಿ ಬರೀ 21. ಅಷ್ಟೇ ಸಂಗೀತ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಇಕ್ಕಟ್ಟಾಗಿರುತ್ತದೆ. ಇಡೀ ವಾದ್ಯವೃಂದ ಏರುವ ಕ್ಲೈಮ್ಯಾಕ್ಸ್ ಅಲ್ಲೇ ಬಂದರೆ ಕೂದಲೆಳೆಯಷ್ಟು ತಪ್ಪೂ ಕಿವಿಗೆ ಹೊಡೆಯುತ್ತದೆ.

ಮೊದಲು ಮೆತ್ತನೆ ಬ್ರಷ್‌ನಿಂದ ಮುಳ್ಳು ಒರೆಸಿ, ಹಿಂದಿನಿಂದ ಮುಂದಕ್ಕೆ ಮಾತ್ರ. ಅಡ್ಡ ಎಳೆದರೆ ಅದರ ಕಡ್ಡಿ ಬಾಗುತ್ತದೆ.

ಆಮೇಲೆ ಕಾರ್ಟ್ರಿಜ್ ನೆಟ್ಟಗಿದೆಯೇ ನೋಡಲು ಗೆರೆ ಎಳೆದಿರುವ ಪ್ರೊಟ್ರ್ಯಾಕ್ಟರ್ ಹಾಳೆ ಪ್ರಿಂಟ್ ತೆಗೆಸಿ. ಜೆರಾಕ್ಸ್ ಅಂಗಡಿಯವರು ಪುಟಕ್ಕೆ ಹೊಂದಿಸಿ ಕುಗ್ಗಿಸಿದರೆ ಎಲ್ಲ ವ್ಯರ್ಥ, ಸ್ಕೇಲ್ ಇಟ್ಟು ಅಳೆದೇ ತನ್ನಿ. ನಡುಗೂಟದಿಂದ 66 ಮತ್ತು 120.9 ಮಿ.ಮೀ. ದೂರದ ಎರಡೂ ಬಿಂದುಗಳಲ್ಲಿ ಕಾರ್ಟ್ರಿಜ್ ಗೆರೆಗೆ ನೇರವಾಗಿರಬೇಕು. ಸ್ಕ್ರೂ ಸಡಿಲಿಸಿ ಸರಿಸಿ, ಬಿಗಿದು, ಮತ್ತೆ ನೋಡಿ.

ಕಾರ್ಟ್ರಿಜ್ ಸರಿಸಿದಾಗ ಮುಳ್ಳು ರೆಕಾರ್ಡನ್ನು ಒತ್ತುವ ಭಾರವೂ ಬದಲಾಗುತ್ತದೆ. ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಕಂಪನಿ ಹೇಳಿದಷ್ಟೇ ಇಡಿ, ಸಾಮಾನ್ಯವಾಗಿ 1.5ರಿಂದ 2 ಗ್ರಾಂ. ಹಗುರ ಇಟ್ಟರೆ ರೆಕಾರ್ಡ್ ಬಾಳುತ್ತದೆ ಅನ್ನುವುದು ತಪ್ಪು: ಮುಳ್ಳು ಕುಣಿದು ಗೀರಿನ ಗೋಡೆಯನ್ನೇ ಕೆರೆಯುತ್ತದೆ.

ಇಷ್ಟಾದರೂ ಹೋಗದಿದ್ದರೆ ತಪ್ಪು ಮುಳ್ಳಿನದೋ ಗೀರಿನದೋ ಇಲ್ಲಿಂದ ಹೇಳಲಾರೆ. ಹೊಸ ರೆಕಾರ್ಡೊಂದರ ಕೊನೇ ಟ್ರ್ಯಾಕ್ ಹಾಕಿ. ಅದರಲ್ಲೂ ದನಿ ಒಡೆದರೆ ಎಲಿಪ್ಟಿಕಲ್ (ಅಂಡಾಕಾರದ) ತುದಿಯ ಮುಳ್ಳು ತಗೊಳ್ಳಿ. ಸ್ವಚ್ಛವಾಗಿ ಬಂದರೆ ಹಳೇ ರೆಕಾರ್ಡೇ ಸವೆದಿದೆ, ಅದಕ್ಕೆ ರಿಪೇರಿ ಇಲ್ಲ, ಬೇರೆ ಪ್ರತಿ ಹುಡುಕಿ. ಅಟ್ಟದಲ್ಲಿಟ್ಟಿರುವ ಉಳಿದ ರೆಕಾರ್ಡ್‌ಗಳನ್ನು ಇವತ್ತೇ ಇಳಿಸಿ ನೆಟ್ಟಗೆ ನಿಲ್ಲಿಸಿಡಿ, ದಾವಣಗೆರೆ ಬೇಸಿಗೆಗೆ ಆರ್‌ಸಿಸಿ ಛಾವಣಿಯಡಿ ಸೊಟ್ಟಗಾಗುತ್ತವೆ.