ಸಿಲ್ವರ್ ಕಾರಿನ ಬಾಗಿಲಿಗೆ ಮನೆಯಲ್ಲೇ ಸ್ಪ್ರೇ ಕ್ಯಾನ್‌ನಿಂದ ಬಣ್ಣ, ಮೇಲೆ ಕ್ಲಿಯರ್ (ಬಣ್ಣವಿಲ್ಲದ ಹೊಳಪಿನ ಕೋಟು) ಹೊಡೆದೆ. ಎರಡು ಕಡೆ ಸೋರಿ ಇಳಿದಿದೆ, ಉಳಿದದ್ದು ಕಿತ್ತಳೆ ಸಿಪ್ಪೆಯಂತೆ ತರಿತರಿ. ಪೂರ್ತಿ ಕೆರೆದು ಮತ್ತೆ ಮಾಡಬೇಕೆ?

ಪೂರ್ತಿ ಕೆರೆಯಬೇಡಿ. ಮೊದಲು ಇಳಿದಿರುವುದು ಬಣ್ಣವೋ ಕ್ಲಿಯರೋ ನೋಡಿ. ಕೆಳಗಿನ ಸಿಲ್ವರ್ ಒಂದೇ ಸಮವಾಗಿದ್ದು ಮೇಲೆ ಗಾಜಿನ ಹನಿಯಂತೆ ಉಬ್ಬಿದ್ದರೆ ಅದು ಕ್ಲಿಯರ್. ಉಜ್ಜಿ ಪಾಲಿಶ್ ಮಾಡಿದರೆ ಹೋಗುತ್ತದೆ. ಗೆರೆಯ ಉದ್ದಕ್ಕೂ ಸಿಲ್ವರ್ ಕಪ್ಪಾಗಿ ಗುಂಪುಗೂಡಿದ್ದರೆ ಬಣ್ಣವೇ ಇಳಿದಿದೆ. ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂನ ಸಣ್ಣ ಚೂರುಗಳಿರುತ್ತವೆ; ಅದನ್ನು ಉಜ್ಜಿ ಪಾಲಿಶ್ ಮಾಡಿದರೆ ಕಲೆ ಉಳಿಯುತ್ತದೆ. ಹಾಗಾದಾಗ 800ರ ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ; ನಂಬರ್ ಹೆಚ್ಚಿದಷ್ಟೂ ನಯ) ಸಮ ಮಾಡಿ, ಮತ್ತೆ ಬಣ್ಣ, ಮತ್ತೆ ಕ್ಲಿಯರ್. ಬೇರೆ ದಾರಿ ಇಲ್ಲ.

ಇಳಿದ ಬಣ್ಣವನ್ನು ಹಸಿ ಇರುವಾಗ ಒರೆಸಲು ಹೋಗಿಯೇ ಹೆಚ್ಚಿನವರು ಕೆಲಸ ಕೆಡಿಸಿಕೊಳ್ಳುವುದು. ದಪ್ಪಗೆ ಇಳಿದದ್ದು ಮೇಲೆ ಕೆನೆ ಕಟ್ಟಿದಂತೆ ಒಣಗಿ ಒಳಗೆ ಮೆತ್ತಗೇ ಇರುತ್ತದೆ. ಸಾಮಾನ್ಯ ಸ್ಪ್ರೇ ಕ್ಯಾನ್ ಬಣ್ಣವಾದರೆ ಒಂದು ವಾರ ಬಿಡಿ. ಥಿನ್ನರ್ ವಾಸನೆ ಪೂರ್ತಿ ಹೋಗಿರಬೇಕು, ಉಗುರು ಒತ್ತಿದರೆ ಗುರುತು ಬೀಳಬಾರದು.

ಆಮೇಲೆ ಹೊಸ ಬ್ಲೇಡಿನ ಎರಡೂ ತುದಿಗೆ ಸೆಲೋ ಟೇಪ್ ಸುತ್ತಿ. ಟೇಪಿನ ದಪ್ಪದಿಂದ ಬ್ಲೇಡು ಸುತ್ತಲಿನ ಮೈಗೆ ತಾಗದೆ ಉಬ್ಬನ್ನಷ್ಟೇ ಹೆರೆಯುತ್ತದೆ. ಉಳಿದ ಅಂಚಿಗೆ, ಬೆರಳಗಲದ ಗಟ್ಟಿ ಮರದ ತುಂಡಿಗೆ 1500ರ ವಾಟರ್ ಪೇಪರ್ ಸುತ್ತಿ, ಎರಡು ಹನಿ ಪಾತ್ರೆ ಸೋಪು ಹಾಕಿದ ನೀರಿನಲ್ಲಿ ಉಜ್ಜಿ. ಬರಿ ಬೆರಳಲ್ಲಿ ಉಜ್ಜಿದರೆ ಬೆರಳಿನ ಗಾತ್ರದ ಹಳ್ಳ ಬೀಳುತ್ತದೆ. ಸಮವಾದ ಮೇಲೆ 2000, 3000, ಕೊನೆಗೆ ರಬ್ಬಿಂಗ್ ಕಾಂಪೌಂಡ್ (ಹೊಳಪು ತರುವ ಪೇಸ್ಟ್). ಆಗಾಗ ಒರೆಸಿ ನೋಡುತ್ತಿರಿ: ನೀರು ಹಾಲಿನಂತೆ ಬಿಳಿಯಾಗಿದ್ದರೆ ಇನ್ನೂ ಕ್ಲಿಯರ್‌ನಲ್ಲಿದ್ದೀರಿ, ಬೂದು ಬಣ್ಣಕ್ಕೆ ತಿರುಗಿದರೆ ಸಿಲ್ವರ್ ಮುಟ್ಟಿದ್ದೀರಿ, ತಕ್ಷಣ ನಿಲ್ಲಿಸಿ. ಬಾಗಿಲಿನ ಅಂಚು, ಮಧ್ಯದ ಏಣು ಮೊದಲು ಸವೆಯುವ ಜಾಗಗಳು. ಅಲ್ಲಿ ಮಾಸ್ಕಿಂಗ್ ಟೇಪ್ ಅಂಟಿಸಿಯೇ ಕೆಲಸ ಶುರು ಮಾಡಿ.

ಕಿತ್ತಳೆ ಸಿಪ್ಪೆಗೆ ಕಾರಣ, ಹನಿಗಳು ಒಂದರೊಳಗೊಂದು ಹರಿದು ಸಮವಾಗುವ ಮೊದಲೇ ಒಣಗಿದ್ದು: ಕ್ಯಾನ್ ದೂರ ಹಿಡಿದಿರುತ್ತೀರಿ, ಇಲ್ಲವೇ ಬಿಸಿಲಿಗೆ ತಗಡು ಕಾದಿರುತ್ತದೆ. ಎರಡೇ ಕೋಟು ಕ್ಲಿಯರ್ ಹೊಡೆದಿದ್ದರೆ ಅದನ್ನು ಉಜ್ಜಿ ಹೊಳಪು ತರಲು ಹೋಗಬೇಡಿ, ಅಷ್ಟು ದಪ್ಪವೇ ಇರುವುದಿಲ್ಲ. 1000ದಲ್ಲಿ ಹಗುರವಾಗಿ ಉಜ್ಜಿ ಮೈ ಮಂಕು ಮಾಡಿ, ಒರೆಸಿ ಒಣಗಿಸಿ, ಮೇಲೆ ಇನ್ನೆರಡು ಕೋಟು ಕ್ಲಿಯರ್ ಕೊಡುವುದೇ ವಾಸಿ.

ಮತ್ತೆ ಹೊಡೆಯುವಾಗ ಕ್ಯಾನ್ ಎರಡು ನಿಮಿಷ ಅಲ್ಲಾಡಿಸಿ, 25ರಿಂದ 30 ಸೆಂ.ಮೀ. ದೂರ ಹಿಡಿಯಿರಿ. ಬಾಗಿಲಿನ ಒಂದು ಅಂಚಿನ ಹೊರಗೇ ಒತ್ತಲು ಶುರು ಮಾಡಿ, ಇನ್ನೊಂದು ಅಂಚು ದಾಟಿದ ಮೇಲೆ ಬಿಡಿ. ಪ್ರತಿ ಸಾಲೂ ಹಿಂದಿನದರ ಅರ್ಧ ಮುಚ್ಚಲಿ. ಮೊದಲ ಕೋಟು ಮಂಜಿನಂತೆ ತೆಳುವಾಗಿರಲಿ, ಕೋಟುಗಳ ನಡುವೆ 10 ನಿಮಿಷ ಬಿಡಿ. ಸಿಲ್ವರ್‌ನಲ್ಲಿ ಮೋಡ ಮೋಡವಾಗಿ ಕಂಡರೆ ಕೊನೆಯ ಕೋಟನ್ನು ಇನ್ನಷ್ಟು ದೂರದಿಂದ ಹಗುರವಾಗಿ ಬಿಡಿ, ಚೂರುಗಳು ಸಮವಾಗಿ ಕೂರುತ್ತವೆ. ಮಳೆಗಾಲದಲ್ಲಿ ಹೊಡೆಯಬೇಡಿ: ಥಿನ್ನರ್ ಆರುವಾಗ ಮೈ ತಣ್ಣಗಾಗಿ ತೇವ ಕೂರುತ್ತದೆ, ಬಿಳಿ ಮಂಕು ಬರುತ್ತದೆ.

ಮೀನಿನ ಕಣ್ಣಿನಂತೆ ಗುಂಡು ಗುಂಡು ತೂತು ಬಿದ್ದರೆ ಅದು ಸಿಲಿಕೋನ್ ಕೆಲಸ. ಸಾಮಾನ್ಯವಾಗಿ ಡ್ಯಾಶ್‌ಬೋರ್ಡ್ ಅಥವಾ ಟೈರ್ ಪಾಲಿಶ್‌ನದು. ಮೇಲೆ ಮೇಲೆ ಬಣ್ಣ ಹೊಡೆದರೆ ಮುಚ್ಚುವುದಿಲ್ಲ. ಒಣಗಲು ಬಿಟ್ಟು, ವ್ಯಾಕ್ಸ್-ಗ್ರೀಸ್ ರಿಮೂವರ್ ಒಂದು ಬಟ್ಟೆಯಲ್ಲಿ ಹಚ್ಚಿ, ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ. ಆಮೇಲೆ ಉಜ್ಜಿ, ಇನ್ನೊಮ್ಮೆ ಒರೆಸಿ.

ಪೂರ್ತಿ ಕೆರೆಯಲೇಬೇಕಾದದ್ದು ಬಣ್ಣ ಸುಕ್ಕುಗಟ್ಟಿದಾಗ. ಅರೆಬರೆ ಒಣಗಿದ ಕೋಟಿನ ಮೇಲೆ ಇನ್ನೊಂದು ಹೊಡೆದರೆ ಅದರ ಥಿನ್ನರ್ ಕೆಳಗಿನದನ್ನು ಉಬ್ಬಿಸಿ ಎಬ್ಬಿಸುತ್ತದೆ. ಮುಂದಿನ ಕೋಟು ಎಷ್ಟರೊಳಗೆ ಹೊಡೆಯಬೇಕು ಎಂದು ಕ್ಯಾನಿನ ಮೇಲೆ ಬರೆದಿರುತ್ತದೆ, ಓದಿಕೊಳ್ಳಿ.

ಗಟ್ಟಿ ಬರಲೆಂದು ಹಾರ್ಡ್‌ನರ್ ಇರುವ 2ಕೆ ಕ್ಲಿಯರ್ ಕ್ಯಾನ್ ತರುವುದಾದರೆ ಒಂದು ಮಾತು. ಅದರಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯ, ಆಸ್ತಮಾ ತರಬಲ್ಲದು. ಬಟ್ಟೆಯ ಮಾಸ್ಕಾಗಲಿ ಎನ್95 ಆಗಲಿ ಅದರ ಆವಿಯನ್ನು ತಡೆಯುವುದಿಲ್ಲ. ವೃತ್ತಿಯವರು ಹೊರಗಿನ ಗಾಳಿ ಒದಗಿಸುವ ಮಾಸ್ಕ್ ಹಾಕಿಯೇ ಅದನ್ನು ಹೊಡೆಯುವುದು. ಅದಿಲ್ಲದಿದ್ದರೆ ಮನೆಯಲ್ಲಿ ಸಾಮಾನ್ಯ ಕ್ಲಿಯರ್ ಸಾಕು, ಬಾಗಿಲಿಗೆ ಇನ್ನೊಂದು ಕೋಟು ಹೆಚ್ಚು ಹೊಡೆಯಿರಿ.