ಲಾ ಸ್ಕೂಲ್ ಸೀಟು ಸಿಕ್ಕಿದೆ, ಹೇಳಿಕೊಳ್ಳಲು ಸಂಕೋಚ

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಈಗಷ್ಟೇ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿದ್ದೇನೆ. ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕಾನೂನು ಶಾಲೆಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟ್ ಬರೆದಿದ್ದೆ. ಕರ್ನಾಟಕದ ವಿದ್ಯಾರ್ಥಿಗಳಿಗಿರುವ ಮೀಸಲಾತಿಯಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಸೀಟು ಸಿಕ್ಕಿ, ಮೊದಲ ಕಂತನ್ನೂ ಕಟ್ಟಿದ್ದೇವೆ. ಆನ್‌ಲೈನ್ ಕೋಚಿಂಗ್‌ನಲ್ಲಿ ಜತೆಗಿದ್ದ ದೆಹಲಿಯ ಗೆಳತಿಗೆ ನನಗಿಂತ ಒಳ್ಳೆಯ ರ‍್ಯಾಂಕ್ ಬಂದರೂ ಅಲ್ಲಿ ಸೀಟು ಸಿಗಲಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿದಾಗ ನನ್ನ ರ‍್ಯಾಂಕನ್ನು ಸುಳ್ಳು ಹೇಳಿದೆ. ಅಪ್ಪ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಶುಲ್ಕಕ್ಕಾಗಿ ಇರುವ ಸ್ವಲ್ಪ ಹೊಲ ಮಾರುವ ಮಾತಾಡುತ್ತಿದ್ದಾರೆ. ನನ್ನದಲ್ಲದ ಸೀಟಿಗೆ ಹೊಲ ಕಳೆಯಬೇಕೇ? ಹುಬ್ಬಳ್ಳಿಯಲ್ಲೇ ಕಾನೂನು ಓದಿಬಿಡಲೇ?
–ಹೆಸರು ಬೇಡ, ಗದಗ ಜಿಲ್ಲೆ

ಉತ್ತರ: ಕಹಿಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮೀಸಲಾತಿ ಇಲ್ಲದಿದ್ದರೆ ಈ ಸೀಟು ನಿಮಗೆ ಸಿಗುತ್ತಿರಲಿಲ್ಲ. ಹಾಗೇನಿಲ್ಲ, ಎಲ್ಲವೂ ನಿಮ್ಮ ಪ್ರತಿಭೆ ಎಂದು ಬೆನ್ನು ತಟ್ಟುವವರು ಸುತ್ತಲೂ ಇರುತ್ತಾರೆ. ಅವರ ಸಮಾಧಾನ ನಿಮಗೆ ನಾಟಿಲ್ಲ ಎಂಬುದು ಪತ್ರದಲ್ಲೇ ಕಾಣುತ್ತದೆ. ಆದ್ದರಿಂದ ಆ ದಾರಿ ಬಿಟ್ಟು, ಇದು ಎಂಥ ಸೀಟು ಎಂಬುದನ್ನೇ ನೋಡೋಣ.

ಲಾ ಸ್ಕೂಲ್ ಹುಟ್ಟಿದ್ದು ಕರ್ನಾಟಕದ ವಿಧಾನಮಂಡಲ 1986ರಲ್ಲಿ ಮಾಡಿದ ಕಾಯ್ದೆಯಿಂದ. ಕುಲಾಧಿಪತಿಗಳು ಭಾರತದ ಮುಖ್ಯ ನ್ಯಾಯಮೂರ್ತಿಗಳು, ವಿದ್ಯಾರ್ಥಿಗಳು ದೇಶದ ಎಲ್ಲೆಡೆಯವರು. ಹೈದರಾಬಾದ್, ಕೋಲ್ಕತ್ತಾಗಳಲ್ಲಿರುವ ಇಂಥವೇ ಕಾನೂನು ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದವರಿಗೆ ಒಂದು ಪಾಲು ಇಟ್ಟುಕೊಂಡಿವೆ. ಬೆಂಗಳೂರಿನಲ್ಲಿ ಮಾತ್ರ ಅದು ಬಹುಕಾಲ ಇರಲಿಲ್ಲ. 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಶೇ 25ರಷ್ಟು ಸೀಟು ಮೀಸಲಿಟ್ಟಿತು; ಆ ಸೆಪ್ಟೆಂಬರ್‌ನಲ್ಲೇ ಹೈಕೋರ್ಟ್ ತಿದ್ದುಪಡಿಯನ್ನು ರದ್ದುಪಡಿಸಿತು. ಮರುವರ್ಷ ಅದೇ ಪ್ರಮಾಣದ ಮೀಸಲಾತಿಯನ್ನು ಸಂಸ್ಥೆ ತಾನಾಗಿಯೇ ಜಾರಿಗೆ ತಂದಿತು. ನಿಮ್ಮನ್ನು ಅಲ್ಲಿಗೆ ಯಾರೂ ಹಿಂಬಾಗಿಲಿನಿಂದ ನುಗ್ಗಿಸಿಲ್ಲ. ನಿಮ್ಮಂಥವರು ತನ್ನ ತರಗತಿಯಲ್ಲಿ ಇರಬೇಕು ಎಂದು ತೀರ್ಮಾನಿಸಿದ್ದು ಆ ಸಂಸ್ಥೆಯೇ.

ಇದು ಸಮತಲ ಮೀಸಲಾತಿ. ಸಾಮಾನ್ಯ ವರ್ಗ, ಹಿಂದುಳಿದ ವರ್ಗ, ಪರಿಶಿಷ್ಟರು ಹೀಗೆ ಪ್ರತಿಯೊಂದು ವರ್ಗದೊಳಗೂ ನಾಲ್ಕರಲ್ಲೊಂದು ಪಾಲು ಕರ್ನಾಟಕದಲ್ಲಿ ಓದಿದವರಿಗೆ ಹೋಗುತ್ತದೆ. ಈಗ ದೆಹಲಿಯ ಗೆಳತಿಯ ವಿಷಯಕ್ಕೆ ಬನ್ನಿ. ನಾಳೆ ನೀವು ಸೀಟು ಬಿಟ್ಟುಕೊಟ್ಟಿರಿ ಎನ್ನಿ, ಅದು ಯಾರಿಗೆ ಹೋಗುತ್ತದೆ? ಪಟ್ಟಿಯಲ್ಲಿ ನಿಮ್ಮ ಕೆಳಗಿರುವ ಇನ್ನೊಬ್ಬ ಕರ್ನಾಟಕದ ವಿದ್ಯಾರ್ಥಿಗೆ. ನಿಮ್ಮ ತ್ಯಾಗದಿಂದ ಗೆಳತಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಅವಳಿಗಾಗಿ ಮರುಗಿ, ಅದು ಸ್ನೇಹ. ಆದರೆ ಅವಳ ಕೈಯಿಂದ ಕಿತ್ತುಕೊಂಡೆ ಎಂಬ ಲೆಕ್ಕ ಮಾತ್ರ ಎಲ್ಲಿಯೂ ತಾಳೆಯಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ನೀವು ಗಮನಿಸಿಯೇ ಇಲ್ಲ. ಕರ್ನಾಟಕದ ಪಾಲಿಗೆ ಸ್ಪರ್ಧಿಸುವವರು ಯಾರು? ಗದಗ, ಕೊಪ್ಪಳದ ಮಕ್ಕಳಷ್ಟೇ ಅಲ್ಲ. ಬೆಂಗಳೂರಿನ ದುಬಾರಿ ಶಾಲೆಗಳಲ್ಲಿ ಮೊದಲ ತರಗತಿಯಿಂದ ಇಂಗ್ಲಿಷಿನಲ್ಲೇ ಓದಿದವರೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ. (ಈ ಮೀಸಲಾತಿಯಲ್ಲಿ ಅಂಥವರಿಗೂ ಪಾಲಿರುವುದು ಸರಿಯೇ ಎಂಬುದು ನನ್ನ ಹಳೆಯ ತಕರಾರು, ಅದು ಇನ್ನೊಮ್ಮೆ.) ಪರೀಕ್ಷೆ ಇರುವುದು ಇಂಗ್ಲಿಷಿನಲ್ಲಿ ಮಾತ್ರ: ಎರಡು ಗಂಟೆ, 120 ಪ್ರಶ್ನೆ, ಪ್ರತಿ ತಪ್ಪಿಗೆ ಕಾಲು ಅಂಕ ಕಡಿತ. ಕಾನೂನಿನ ಪ್ರಶ್ನೆಯಿರಲಿ, ಗಣಿತವಿರಲಿ, ಉದ್ದನೆಯ ಗದ್ಯಭಾಗ ಓದಿಯೇ ಉತ್ತರಿಸಬೇಕು. ಹದಿನೇಳನೆಯ ವಯಸ್ಸಿನಲ್ಲಿ ಇಂಗ್ಲಿಷನ್ನು ಎಷ್ಟು ವೇಗವಾಗಿ ಓದಿ ಅರ್ಥ ಮಾಡಿಕೊಳ್ಳಬಲ್ಲಿರಿ ಎಂಬುದನ್ನು ಅದು ಚೆನ್ನಾಗಿಯೇ ಅಳೆಯುತ್ತದೆ. ಎರಡೇ ವರ್ಷದ ಹಿಂದೆ ಕನ್ನಡ ಮಾಧ್ಯಮದಿಂದ ಬಂದು ಆ ಸಾಲಿನಲ್ಲಿ ಸೀಟಿನ ಮಟ್ಟಕ್ಕೆ ತಲುಪಿದವರು ನೀವು. ಇದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆಯೋ ನನಗಂತೂ ತಿಳಿಯಲಿಲ್ಲ.

ನಾಚಿಕೊಳ್ಳಬೇಕಾದದ್ದು ಆ ಸುಳ್ಳಿಗೆ. ಪತ್ರದಲ್ಲಿ ಅದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ, ಆದರೆ ನಿಮ್ಮ ನಿದ್ದೆ ಕೆಡಿಸುತ್ತಿರುವುದು ಮೀಸಲಾತಿಯಲ್ಲ, ಅದೇ ಎಂದು ನನ್ನ ಅನುಮಾನ. ಆ ಗುಂಪಿನ ಒಬ್ಬಿಬ್ಬರಾದರೂ ಜುಲೈನಲ್ಲಿ ನಿಮ್ಮ ತರಗತಿಯಲ್ಲೇ ಇರಬಹುದು. ಐದು ವರ್ಷ ಒಂದು ಸುಳ್ಳು ರ‍್ಯಾಂಕನ್ನು ಕಾಪಾಡಿಕೊಂಡು ಬರುವುದು ಬಹಳ ದಣಿವಿನ ಕೆಲಸ. ಇಂದೇ ಬರೆಯಿರಿ: 'ನಾನು ಹೇಳಿದ ರ‍್ಯಾಂಕ್ ಸರಿಯಲ್ಲ. ನನ್ನ ಸೀಟು ಕರ್ನಾಟಕ ವಿಭಾಗದ್ದು.' ಇಷ್ಟೇ ಸಾಕು. ಕಾರಣ, ಸಮರ್ಥನೆ ಒಂದೂ ಬೇಡ. ಒಬ್ಬಿಬ್ಬರು ಕೊಂಕು ಆಡಿಯಾರು. ಗೆಳತಿಗೆ ಮಾತ್ರ ಗುಂಪಿನಲ್ಲಿ ಬರೆಯುವ ಮೊದಲೇ ಫೋನ್ ಮಾಡಿ ಹೇಳಿ. ಅವಳು ಸಿಟ್ಟಾದರೆ ಎದುರು ವಾದಿಸಬೇಡಿ.

ಇನ್ನು ಹೊಲ. ಅದನ್ನು ಮಾರುವ ಮಾತನ್ನು ಸದ್ಯಕ್ಕೆ ನಿಲ್ಲಿಸಲು ತಂದೆಯವರಿಗೆ ಹೇಳಿ. ಲಾ ಸ್ಕೂಲ್ ಶುಲ್ಕ ಹೆಚ್ಚು, ಸಂಶಯವಿಲ್ಲ; ಹಾಸ್ಟೆಲ್ ಸೇರಿ ವರ್ಷಕ್ಕೆ ಲಕ್ಷಗಳಲ್ಲೇ ಮಾತು. ಆದರೆ ಅಗತ್ಯವಿರುವವರಿಗೆ ಸಂಸ್ಥೆಯೇ ಆರ್ಥಿಕ ನೆರವು ಕೊಡುತ್ತದೆ. ಪ್ರವೇಶ ವಿಭಾಗಕ್ಕೆ ಈ ವಾರವೇ ಇಮೇಲ್ ಬರೆದು ಅರ್ಜಿ ಯಾವಾಗ, ಆದಾಯ ಪ್ರಮಾಣಪತ್ರ ಯಾವ ವರ್ಷದ್ದು ಬೇಕು ಎಂದು ಕೇಳಿ. ಕೇಂದ್ರ ಸರ್ಕಾರ 2024ರಲ್ಲಿ ತಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳ ವಿದ್ಯಾರ್ಥಿಗಳಿಗೆ ಅಡಮಾನವಾಗಲಿ ಜಾಮೀನುದಾರರಾಗಲಿ ಇಲ್ಲದೆ ಬ್ಯಾಂಕ್ ಸಾಲ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಯೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ನೆರವೂ ಇದೆ. ಊರಿನ ಬ್ಯಾಂಕಿನವರು 'ನಮಗೆ ಸುತ್ತೋಲೆ ಬಂದಿಲ್ಲ' ಎಂದರೆ ಎದ್ದು ಬರಬೇಡಿ, ಅರ್ಜಿ ಹಾಕುವುದು ಆನ್‌ಲೈನ್‌ನಲ್ಲಿ. ಅನುಕೂಲವಿಲ್ಲದ ಹಿನ್ನೆಲೆಯ ಮಕ್ಕಳನ್ನು ಇಂಥ ಕಾನೂನು ಶಾಲೆಗಳಿಗೆ ತಲುಪಿಸಲೆಂದೇ ಶಮ್ನಾದ್ ಬಶೀರ್ ಅವರು 2010ರಲ್ಲಿ ಆರಂಭಿಸಿದ 'ಇದಿಯಾ' ಎಂಬ ಸಂಸ್ಥೆಯಿದೆ. ಅವರಿಗೂ ಬರೆದು ನೋಡಿ.

ನಿಜವಾಗಿ ಚಿಂತಿಸಬೇಕಾದ ವಿಷಯವನ್ನು ನೀವು ಕೇಳಲೇ ಇಲ್ಲ. ಅಲ್ಲಿ ವರ್ಷಕ್ಕೆ ಮೂರು ತ್ರೈಮಾಸಿಕಗಳು. ಓದಬೇಕಾದದ್ದು ರಾಶಿ, ಜತೆಗೆ ಸಂಶೋಧನಾ ಪ್ರಬಂಧಗಳು. ಒಂದು ಮುಗಿಯಿತು ಎನ್ನುವಷ್ಟರಲ್ಲಿ ಮುಂದಿನದು ತಲೆಯ ಮೇಲಿರುತ್ತದೆ. ಮೊದಲ ವರ್ಷ ನಿಮಗೆ ಕಷ್ಟವಾಗುತ್ತದೆ, ಪಕ್ಕದಲ್ಲಿ ಕುಳಿತವರು ನಿರರ್ಗಳವಾಗಿ ಮಾತನಾಡುವಾಗ ಮೀಸಲಾತಿಯ ಈ ಹಳೆಯ ಅಳುಕು ಮತ್ತೆ ತಲೆಯೆತ್ತುತ್ತದೆ. ಅದಕ್ಕೆ ಮದ್ದು ಈಗಿನಿಂದಲೇ ಓದುವುದು. ಸುಪ್ರೀಂ ಕೋರ್ಟ್ ತೀರ್ಪುಗಳು ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ದಿನಕ್ಕೆ ನಾಲ್ಕೇ ಪುಟ ಸಾಕು. ಓದಿದ್ದನ್ನು ಸಂಜೆ ಅಪ್ಪನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ ಎಂದೇ ಲೆಕ್ಕ.

ಹುಬ್ಬಳ್ಳಿಯ ಬಗ್ಗೆ ಎರಡೇ ಮಾತು. ನವನಗರದಲ್ಲಿ ರಾಜ್ಯ ಕಾನೂನು ವಿಶ್ವವಿದ್ಯಾಲಯದ್ದೇ ಕಾನೂನು ಶಾಲೆಯಿದೆ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ವಕೀಲಿಕೆ ಮಾಡುವ ಆಸೆ ಮೊದಲಿನಿಂದಲೂ ಇದ್ದು ಅದಕ್ಕಾಗಿ ಅಲ್ಲಿಗೆ ಹೋಗುವುದಾದರೆ ನಾನು ಅಡ್ಡ ಬರುವುದಿಲ್ಲ. ಬೆಂಗಳೂರಿನಲ್ಲಿ ಮುಖ ತೋರಿಸಲಾರೆ ಎಂಬ ಕಾರಣಕ್ಕಾದರೆ, ಬೇಡ.

ಒಂದು ತುರ್ತಿನ ಕೆಲಸ ಉಳಿಯಿತು. ಈ ಮೀಸಲಾತಿಗೆ ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿರಬೇಕು, ದಾಖಲೆ ತೋರಿಸಬೇಕು. ವ್ಯಾಸಂಗ ಪ್ರಮಾಣಪತ್ರಗಳು ಇನ್ನೂ ಕೈಸೇರಿಲ್ಲವಾದರೆ ನಾಳೆಯೇ ನಿಮ್ಮ ಪ್ರಾಥಮಿಕ ಶಾಲೆಗೆ ಹೋಗಿ. ಬೇಸಿಗೆ ರಜೆ ಶುರುವಾದರೆ ಮುಖ್ಯೋಪಾಧ್ಯಾಯರ ಸಹಿಗೆ ಜೂನ್‌ವರೆಗೆ ಕಾಯಬೇಕಾದೀತು.